ಎರಡು ಮೀಟರ್ ಅಗಲದ ಹತ್ತು ದಿನ

ನಮ್ಮ ಮನೆಯ ಗೇಟು ಎಂಟಡಿ ಅಗಲ ಇದೆ ಅಂತ ಹದಿನಾಲ್ಕು ವರ್ಷದಿಂದ ನಂಬಿಕೊಂಡಿದ್ದೆ. ಮನೆ ಕಟ್ಟುವಾಗ ಮೇಸ್ತ್ರಿ ಹಾಗೆ ಹೇಳಿದ್ದರು. ನಾನು ಅಳೆಯಲು ಹೋಗಿರಲಿಲ್ಲ. ನಮ್ಮ ವ್ಯಾಗನಾರ್ ಸಲೀಸಾಗಿ ಒಳಗೆ ಹೋಗುತ್ತಿತ್ತು, ಪಕ್ಕದಲ್ಲಿ ತುಳಸಿ ಕುಂಡಕ್ಕೂ ಜಾಗ ಉಳಿಯುತ್ತಿತ್ತು. ಇನ್ನೇನು ಬೇಕು? ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಟೇಪ್ ಹಿಡಿದು ಅಳೆದಾಗ ಗೊತ್ತಾಯಿತು, ಅದು ಏಳಡಿ ಎರಡು ಇಂಚು.

ಅಳೆಯುವ ಪ್ರಸಂಗ ಬಂದಿದ್ದು ಗೆಳೆಯನ ಕಾರಿನಿಂದ. ಅವನ ಹತ್ತಿರ ಲ್ಯಾಂಡ್ ರೋವರ್ ಡಿಫೆಂಡರ್ 110 ಇದೆ, ಡೀಸೆಲ್. ಮಗಳನ್ನು ನೋಡಲು ಹತ್ತು ದಿನ ವಿದೇಶಕ್ಕೆ ಹೊರಟವನು ಕೀ ತಂದು ನನ್ನ ಕೈಗಿಟ್ಟ. "ಸುಮ್ನೆ ನಿಂತ್ರೆ ಬ್ಯಾಟರಿ ಇಳಿದುಹೋಗತ್ತೆ ಮಗಾ, ನೀನು ಓಡಿಸ್ಕೊಂಡಿರು. ಒಂದ್ಸಲ ಹೈವೇಗೂ ಕರ್ಕೊಂಡು ಹೋಗು" ಅಂದ. ಮನೆ ನಾಯಿಯನ್ನು ವಾಕಿಂಗ್‌ಗೆ ಕಳಿಸುವ ಧಾಟಿಯಲ್ಲಿ ಹೇಳಿದ. ಒಂದು ಕೋಟಿ ದಾಟಿದ ಕಾರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಈ ಕಾರಿನ ಮೇಲೆ ಬರೆದಿದ್ದನ್ನೆಲ್ಲ ಓದುವ ಚಟ ನನಗೆ ಮೊದಲಿನಿಂದ ಇದೆ. ಕೊಳ್ಳುವ ಶಕ್ತಿ ಇಲ್ಲದವರೇ ಹೆಚ್ಚು ಓದುವುದು, ಅಲ್ವಾ? ಆದರೆ ಓದಿದ್ದೆಲ್ಲ ಬಂಡೆ, ಮರಳುಗುಡ್ಡ, ಹೊಳೆ ದಾಟುವ ಮಾತು. ಸೊಪ್ಪು ತರಲು, ಮಗನನ್ನು ಸ್ಕೂಲಿಗೆ ಬಿಡಲು, ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಇದು ಹೇಗೆ ಅಂತ ಯಾರೂ ಬರೆದಿರಲಿಲ್ಲ. ನನಗೆ ಬೇಕಿದ್ದುದು ಅದು.

ಮೊದಲು ಅಗಲದ ಲೆಕ್ಕ ಹೇಳಿಬಿಡುತ್ತೇನೆ. ಪಕ್ಕದ ಕನ್ನಡಿ ಬಿಚ್ಚಿಕೊಂಡಿದ್ದರೆ ಇದರ ಅಗಲ 2105 ಮಿಲಿಮೀಟರ್. ಕನ್ನಡಿ ಮಡಚಿದರೆ 2008. ಅಂದರೆ ಸುಮಾರು ಆರಡಿ ಏಳು ಇಂಚು. ನಮ್ಮ ಗೇಟಿಗೆ ಎರಡೂ ಕಡೆ ಮೂರೂವರೆ ಇಂಚು ಉಳಿಯುತ್ತದೆ. ನಮ್ಮ ವ್ಯಾಗನಾರ್ 1620 ಮಿಲಿಮೀಟರ್, ಐದಡಿಗಿಂತ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಯಲ್ಲಿ, ಒಂದು ಕಡೆ ನಿಂತ ಕಾರು, ಇನ್ನೊಂದು ಕಡೆ ಇಸ್ತ್ರಿ ಗಾಡಿ, ನಡುವೆ ಮಲಗಿದ ಕರಿನಾಯಿ ಇರುವಾಗ ಅದು ಸಣ್ಣ ವ್ಯತ್ಯಾಸವಾಗಿ ಉಳಿಯುವುದಿಲ್ಲ.

ಮೊದಲ ಸಂಜೆ ಕಾರನ್ನು ಒಳಗೆ ತರಲು ಹದಿನೈದು ನಿಮಿಷ ಬೇಕಾಯಿತು. ಅಪ್ಪ ರಸ್ತೆಯಲ್ಲಿ ನಿಂತು ಕೈ ತೋರಿಸಿದರು. ಅವರು ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದವರು. ಸೇರಿದಾಗ ಬಿಟಿಎಸ್, ಕೊನೆಗೆ ಬಿಎಂಟಿಸಿ. "ಬರ್ಲಿ, ಬರ್ಲಿ, ಬರ್ಲಿ, ರೈಟ್ ಒಡಿ, ಹಾಂ, ಸ್ಟಾಪ್" ಅಂತ ಅವರು ಬಸ್ಸಿಗೆ ಹೇಳುವ ಹಾಗೇ ಹೇಳಿದರು. ಎದುರು ಮನೆಯ ಆಂಟಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡರು. ಕಾರೇನೋ ಒಳಗೆ ಬಂತು. ಗೇಟು ಮುಚ್ಚಲಾಗಲಿಲ್ಲ. ಅಡ್ಡ ಬಂದಿದ್ದು ಹಿಂದಿನ ಬಾಗಿಲಿಗೆ ಬಿಗಿದ ಸ್ಟೆಪ್ನಿ. ಸ್ಟೆಪ್ನಿ ಬಿಟ್ಟರೆ ಈ ಕಾರಿನ ಉದ್ದ 4758 ಮಿಲಿಮೀಟರ್, ಸೇರಿಸಿದರೆ 5018. ಆ ಇಪ್ಪತ್ತಾರು ಸೆಂಟಿಮೀಟರ್ ಹತ್ತು ದಿನ ನಮ್ಮ ರಸ್ತೆಯ ಪಾಲಾಯಿತು. ರಾತ್ರಿ ಅಪ್ಪ ಎರಡು ಸಲ ಎದ್ದು ಕಿಟಕಿಯಿಂದ ನೋಡಿದರಂತೆ.

ನಿದ್ದೆ ಬರದೆ ನಾನು ಇನ್ನೊಂದು ಲೆಕ್ಕ ಹಾಕಿದೆ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲ, ಸುಮಾರು 108 ಚದರಡಿ. ಬೆಂಗಳೂರಿನವರಿಗೆ ಜಾಗವೆಂದರೆ ಸೈಟು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಇರುವುದೇ 600 ಚದರಡಿ. ಅದರಲ್ಲಿ ಆರರಲ್ಲೊಂದು ಪಾಲಿಗೆ ಹತ್ತಿರ ಈ ಕಾರು ನುಂಗುತ್ತದೆ. ನಮ್ಮ ಅಡುಗೆ ಮನೆ ಇದಕ್ಕಿಂತ ಚಿಕ್ಕದು. ಹೆಂಡತಿಗೆ ಹೇಳಿದೆ. "ಹಾಗಾದ್ರೆ ನಾಳೆಯಿಂದ ಅಲ್ಲೇ ಅಡುಗೆ ಮಾಡ್ತೀನಿ, ಏಸಿನೂ ಇದೆ" ಅಂದಳು.

ಈಗ ಒಳ್ಳೆಯ ಮಾತು. ಓಡಿಸಲು ಇದು ಎಷ್ಟು ಸುಖ ಅಂದರೆ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಎಲ್ಲ ಸೇರಿ ಎರಡು ಟನ್ನಿಗಿಂತ ಭಾರದ ಗಾಡಿ, ಏರ್ ಸಸ್ಪೆನ್ಶನ್ ಮೇಲೆ ಕೂತಿದೆ. ಲೋಹದ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ಚೀಲಗಳು. ಬೇಕಾದಾಗ ಕಾರು ಎತ್ತರವಾಗುತ್ತದೆ, ಇಳಿಯುವಾಗ ಐದು ಸೆಂಟಿಮೀಟರ್ ತಗ್ಗುತ್ತದೆ. ನಮ್ಮ ಬಡಾವಣೆಯ ಹಂಪುಗಳು ಯಾವ ಅಳತೆಗೂ ಸೇರಿದವಲ್ಲ, ಒಬ್ಬೊಬ್ಬರ ಮನೆ ಮುಂದೆ ಒಂದೊಂದು ಆಕಾರ. ವ್ಯಾಗನಾರ್‌ನಲ್ಲಿ ಪ್ರತಿಯೊಂದಕ್ಕೂ ಫಸ್ಟ್ ಗೇರಿಗೆ ಇಳಿದು, ಹೊಟ್ಟೆ ತಾಗದ ಹಾಗೆ ಓರೆಯಾಗಿ ಹತ್ತಿಸುತ್ತೇನೆ. ಇದರಲ್ಲಿ ಹಂಪು ಇತ್ತು ಅಂತ ಕನ್ನಡಿ ನೋಡಿ ತಿಳಿದುಕೊಳ್ಳಬೇಕು. ಗುಂಡಿಗಳೂ ಹಾಗೇ. ಮೂರನೇ ದಿನದ ಹೊತ್ತಿಗೆ ನಾನು ಗುಂಡಿ ತಪ್ಪಿಸುವುದನ್ನೇ ಬಿಟ್ಟೆ. ಇಪ್ಪತ್ತು ವರ್ಷದಿಂದ ಕಣ್ಣಿಗೆ ಅಂಟಿದ್ದ ಅಭ್ಯಾಸ, ಮೂರು ದಿನಕ್ಕೆ ಹೋಯಿತು. ಈ ಊರಿನಲ್ಲಿ ಗಾಡಿ ಓಡಿಸುವವರ ತಲೆಯ ಅರ್ಧ ಭಾಗ ರಸ್ತೆ ಮೇಲ್ಮೈಯನ್ನು ಓದುವುದರಲ್ಲೇ ಸವೆಯುತ್ತದೆ. ಆ ಅರ್ಧ ಖಾಲಿಯಾದಾಗ ಎಷ್ಟು ಆರಾಮ ಅಂತ ಅನುಭವಿಸಿದವರಿಗೇ ಗೊತ್ತು.

ಆದರೆ ಖಾಲಿಯಾದ ಆ ಜಾಗಕ್ಕೆ ಇನ್ನೊಂದು ಲೆಕ್ಕ ಬಂದು ಕೂತಿತು. ಇಲ್ಲಿ ಹಿಡಿಸುತ್ತಾ? ಅಲ್ಲಿ ತಿರುಗತ್ತಾ? ಎದುರಿಂದ ನೀರಿನ ಟ್ಯಾಂಕರ್ ಬಂದರೆ ಎಲ್ಲಿ ಸರಿದುಕೊಳ್ಳಲಿ?

ನಾಲ್ಕನೇ ದಿನ ಅದು ಬಂದೇ ಬಂತು. ರಾಮಾಂಜನೇಯ ಗುಡ್ಡದ ಕಡೆಯ ಒಂದು ಇಳಿಜಾರು ರಸ್ತೆ. ನಾನು ಕೆಳಗೆ, ಟ್ಯಾಂಕರ್ ಮೇಲೆ. ನನ್ನ ಹಿಂದೆ ಎರಡು ಆಟೋ, ಒಂದು ಸ್ಕೂಲ್ ವ್ಯಾನ್, ಲೆಕ್ಕವಿಲ್ಲದಷ್ಟು ಸ್ಕೂಟರ್. ವ್ಯಾಗನಾರ್ ಆಗಿದ್ದರೆ ಮೂತಿಯನ್ನು ಯಾರದೋ ಗೇಟಿನೊಳಗೆ ತೂರಿಸಿ ದಾರಿ ಬಿಟ್ಟಿರುತ್ತಿದ್ದೆ. ಇದು ತೂರುವ ಜಾತಿಯದಲ್ಲ. ಎಂಜಿನ್ನಿನಲ್ಲಿ 300 ಅಶ್ವಶಕ್ತಿ, 38 ಡಿಗ್ರಿ ಏರು ಎದುರಾದರೂ ಬಂಪರ್ ತಾಗದ ಮೂತಿ, ನಾಲ್ಕೂ ಚಕ್ರಕ್ಕೆ ಬಲ. ಎಲ್ಲ ಇಟ್ಟುಕೊಂಡು ನಾನು ಅಲ್ಲಾಡಲಾರದೆ ನಿಂತಿದ್ದೆ. ನನ್ನನ್ನು ತಡೆದಿದ್ದು ಬಂಡೆಯೂ ಅಲ್ಲ, ಕೆಸರೂ ಅಲ್ಲ. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಒಂದು ಹಳೇ ಕೈನೆಟಿಕ್ ಹೋಂಡಾ. ಹತ್ತು ನಿಮಿಷದ ಮೇಲೆ ಅದರ ಯಜಮಾನರು ಬನಿಯನ್ನಿನಲ್ಲಿ ಹೊರಗೆ ಬಂದು, ನನ್ನ ಕಾರನ್ನು ಮೇಲಿಂದ ಕೆಳಗೆ ನೋಡಿ, "ಇಂಥದ್ದೆಲ್ಲ ಯಾಕ್ರೀ ಇಲ್ಲಿಗೆ ತರ್ತೀರಾ" ಅಂದು ಸ್ಕೂಟರ್ ಎಳೆದುಕೊಂಡರು. ನನ್ನದಲ್ಲ ಸಾರ್ ಅನ್ನಬೇಕು ಅನ್ನಿಸಿತು.

ಈ ಅಗಲ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಡಿಫೆಂಡರ್‌ನ ಮುತ್ತಾತ ಇಷ್ಟು ದಪ್ಪ ಇರಲೇ ಇಲ್ಲ. ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್‌ಗೆ ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ಜಮೀನಿತ್ತು. ಅಲ್ಲಿ ಕೆಲಸಕ್ಕೆ ಯುದ್ಧದಿಂದ ಉಳಿದ ಒಂದು ವಿಲ್ಲಿಸ್ ಜೀಪು ಇಟ್ಟುಕೊಂಡಿದ್ದ. ಅದು ಕೆಟ್ಟರೆ ಬದಲಿಗೆ ಏನು ಅನ್ನುವ ಪ್ರಶ್ನೆಯಿಂದ 1947ರಲ್ಲಿ ಲ್ಯಾಂಡ್ ರೋವರ್ ಯೋಚನೆ ಹುಟ್ಟಿತು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಗಾಡಿ ಹೊರಬಂತು. ಯುದ್ಧ ಮುಗಿದ ಹೊಸತು, ಉಕ್ಕಿಗೆ ಬರ. ಹಾಗಾಗಿ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಹಾಕಿದರು. ರೈತನ ಗಾಡಿ ಅದು. ಅಗಲ ಐದಡಿಯ ಆಸುಪಾಸು, ಜೀಪಿನಷ್ಟೇ. ಡಿಫೆಂಡರ್ ಅನ್ನುವ ಹೆಸರು ಅಂಟಿದ್ದು 1990ರಲ್ಲಿ. ಹಳೆಯ ಆಕಾರದ ಕೊನೆಯ ಗಾಡಿ ಇಂಗ್ಲೆಂಡಿನ ಸಾಲಿಹಲ್ ಕಾರ್ಖಾನೆಯಿಂದ 2016ರ ಜನವರಿ 29ಕ್ಕೆ ಹೊರಬಂತು. ಅಷ್ಟರಲ್ಲಿ ಕಂಪನಿ ನಮ್ಮ ಟಾಟಾದವರ ಕೈಗೆ ಬಂದು ಎಂಟು ವರ್ಷವಾಗುತ್ತಾ ಬಂದಿತ್ತು. ಹೊಸ ಡಿಫೆಂಡರ್ 2019ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಾಣಿಸಿಕೊಂಡಿತು. ಇದನ್ನು ಕಟ್ಟುವುದು ಸ್ಲೊವಾಕಿಯಾ ದೇಶದ ನಿತ್ರಾದಲ್ಲಿ. ಒಂದು ತಮಾಷೆ ಹೇಳುತ್ತೇನೆ. 110 ಅನ್ನುವುದು ಹಳೆಯ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದ್ದ ಅಂತರ, ಇಂಚಿನಲ್ಲಿ. ಹೊಸದರಲ್ಲಿ ಆ ಅಂತರ 3022 ಮಿಲಿಮೀಟರ್, ಅಂದರೆ 119 ಇಂಚು. ಹೆಸರು ಮಾತ್ರ 110 ಆಗಿಯೇ ಉಳಿದಿದೆ, ಮದುವೆಯ ಹೊತ್ತಿನ ಸೊಂಟದ ಅಳತೆ ಹೇಳಿಕೊಳ್ಳುವ ಹಾಗೆ.

ಜೀಪು ಅಂದ ತಕ್ಷಣ ನನಗೆ ನಿಟ್ಟೂರಿನ ಮಾವ ನೆನಪಾಗುತ್ತಾರೆ. ಅಮ್ಮನ ತಮ್ಮ. ಕೊಡಚಾದ್ರಿಗೆ ಜೀಪ್ ಹೊಡೆಯುತ್ತಿದ್ದರು. ಆ ದಾರಿ ನೋಡಿದವರಿಗೆ ಗೊತ್ತು, ಮಳೆ ನೀರು ಕೊರೆದ ಓಣಿ ಅದು. 1343 ಮೀಟರಿನ ಬೆಟ್ಟ. ಒಂದು ಚಕ್ರ ಬಂಡೆ ಮೇಲೆ, ಇನ್ನೊಂದು ಹಳ್ಳದಲ್ಲಿ, ನಮ್ಮ ತಲೆ ಟಾರ್ಪಾಲಿಗೆ. ಮಾವನ ಜೀಪಿಗೆ ಬಾಗಿಲೇ ಇರಲಿಲ್ಲ. ಬಲಗೈಯಲ್ಲಿ ಕಂಬಿ ಹಿಡಿದು ಹೊರಗೆ ಬಗ್ಗಿ, ಮುಂದಿನ ಚಕ್ರ ಎಲ್ಲಿ ಕೂರುತ್ತದೆ ಅಂತ ನೋಡುತ್ತಲೇ ಎಡಗೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದರು. ಒಂದು ಕಲ್ಲನ್ನೂ ನಂಬುತ್ತಿರಲಿಲ್ಲ. ಆ ದಾರಿಯಲ್ಲಿ ಎರಡು ಜೀಪು ಎದುರಾದರೆ ಒಂದು ಗಿಡಗಂಟಿಯೊಳಗೆ ಮೈ ತೂರಿಸಿ ನಿಲ್ಲುತ್ತಿತ್ತು. ಐದಡಿ ಅಗಲದ ಗಾಡಿಯಾದ್ದರಿಂದ ಅದು ಆಗುತ್ತಿತ್ತು. ಕಾಡು ಹೊಕ್ಕು ಬರುವ ಗಾಡಿ ಕಿರಿದಾಗಿರಬೇಕು ಅಂತ ಮಾವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ದಾರಿಯೇ ಹೇಳಿಕೊಟ್ಟಿತ್ತು.

ಡಿಫೆಂಡರ್ ಓಡಿಸುವಾಗ ಬಗ್ಗಿ ನೋಡುವ ಮಾತೇ ಇಲ್ಲ. ಬದಲಿಗೆ ಕ್ಯಾಮೆರಾಗಳಿವೆ. ಮುಂದೆ, ಹಿಂದೆ, ಎರಡೂ ಪಕ್ಕ. ಪರದೆಯ ಮೇಲೆ ಕಾರನ್ನು ಆಕಾಶದಿಂದ ನೋಡಿದ ಹಾಗೆ ಕಾಣಿಸುತ್ತದೆ. ಹಿಂದಿನ ಸ್ಟೆಪ್ನಿ ಗಾಜಿಗೆ ಅಡ್ಡವಾಗುವುದರಿಂದ ಒಳಗಿನ ಕನ್ನಡಿಯನ್ನೂ ಪರದೆಯಾಗಿ ಬದಲಾಯಿಸಬಹುದು. ಚೆನ್ನಾಗಿದೆ, ಇಲ್ಲ ಅನ್ನಲಾರೆ. ಆದರೆ ಅಪ್ಪನಿಗೆ ಹಿಡಿಸಲಿಲ್ಲ. ಒಂದು ಬೆಳಗ್ಗೆ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಮಂಡಿ ನೋವಿನವರು, ಕಾರು ತಗ್ಗಿದ ಮೇಲೂ ಬಸ್ ಹತ್ತುವ ಹಾಗೆ ಕಂಬಿ ಹಿಡಿದು ಹತ್ತಿದರು. ಕೂತು, ಸ್ಟೇರಿಂಗ್ ಹಿಡಿದು, ಕತ್ತು ಚಾಚಿ ಮುಂದೆ ನೋಡಿದರು.

"ಇದ್ರ ಮೂತಿ ಮುಂದೆ ಏನಿದೆ ಅಂತ ಕಾಣ್ತಾನೇ ಇಲ್ವಲ್ಲೋ."

"ಕ್ಯಾಮೆರಾ ಇದೆ ಅಪ್ಪಾ."

"ಬಸ್ಸಲ್ಲಿ ಕೂತ್ರೆ ಬಂಪರ್ ಪಕ್ಕದಲ್ಲಿ ಕೋಳಿ ಬಂದ್ರೂ ಕಾಣ್ತಿತ್ತು. ಇಲ್ಲಿ ಎಮ್ಮೆ ಬಂದ್ರೂ ಟೀವಿ ನೋಡ್ಬೇಕು."

ಅವರ ಮಾತು ನಿಜ. ಮೂತಿ ಚಪ್ಪಟೆಯಾದ ಬಸ್ಸಿನಲ್ಲಿ ಡ್ರೈವರ್ ಎಲ್ಲರಿಗಿಂತ ಮುಂದೆ ಕೂರುತ್ತಾನೆ, ಎದುರಿಗೆ ದೊಡ್ಡ ಗಾಜು. ಎರಡೂವರೆ ಮೀಟರ್ ಅಗಲದ ಬಸ್ಸನ್ನು ಅವರು ಚಿಕ್ಕಪೇಟೆ ಕಡೆ ತಿರುಗಿಸುತ್ತಿದ್ದುದು ಹಾಗೆ. ಇಲ್ಲಿ ಎತ್ತರದಲ್ಲಿ ಕೂತರೂ ಎದುರಿಗೆ ಒಂದು ಮೇಜಿನಷ್ಟು ಬಾನೆಟ್. ದೂರದ್ದು ಚೆನ್ನಾಗಿ ಕಾಣುತ್ತದೆ, ನಾಲ್ಕು ಕಾರು ಆಚೆಗಿನ ಬ್ರೇಕ್ ಲೈಟು ಕೂಡ. ಹತ್ತಿರದ್ದು ಕಾಣುವುದಿಲ್ಲ.

ಇದರ ಪೂರ್ತಿ ಅರ್ಥ ಆಗಿದ್ದು ಸ್ಕೂಲಿನ ಹತ್ತಿರ. ಮಗನನ್ನು ಬಿಡಲು ಹೋಗಿದ್ದೆ. ಬೆಳಗ್ಗೆ ಎಂಟೂಕಾಲು, ಗೇಟಿನ ಮುಂದೆ ಜಾತ್ರೆ. ನಿಂತಿದ್ದೆ, ಇನ್ನೇನು ಬ್ರೇಕ್ ಬಿಡಬೇಕು. ಪರದೆಯ ಮೂಲೆಯಲ್ಲಿ ಏನೋ ಹಳದಿ ಅಲ್ಲಾಡಿತು. ತಲೆ ಎತ್ತಿ ಗಾಜಿನಲ್ಲಿ ನೋಡಿದರೆ ಏನೂ ಇಲ್ಲ. ಮತ್ತೆ ಪರದೆ ನೋಡಿದೆ. ಹಳದಿ ನೀರಿನ ಬಾಟಲು ನೇತುಹಾಕಿಕೊಂಡ ಒಂದು ಮಗು, ಯುಕೆಜಿ ಇರಬೇಕು, ಬಾನೆಟ್ಟಿನ ಕೆಳಗೆ ನಿಂತು ಶೂ ಲೇಸನ್ನು ನೋಡುತ್ತಿತ್ತು. ಅದರ ಅಜ್ಜಿ ಓಡಿ ಬಂದು ಎಳೆದುಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ಅಷ್ಟು ಎತ್ತರದಲ್ಲಿ ಕೂತ ನನ್ನ ಮುಖ ಅವರಿಗೆ ಕಾಣುತ್ತಿತ್ತೋ ಇಲ್ಲವೋ.

ಏನೂ ಆಗಲಿಲ್ಲ. ಆದರೂ ಆ ದಿನ ಆಫೀಸಿನಲ್ಲಿ ಕೆಲಸ ಸಾಗಲಿಲ್ಲ. ಅಮೆರಿಕದಲ್ಲಿ ವಾಹನಗಳ ಸುರಕ್ಷತೆ ಪರೀಕ್ಷಿಸುವ ಐಐಎಚ್‌ಎಸ್ ಅನ್ನುವ ಸಂಸ್ಥೆ ಇದೆ. 2023ರಲ್ಲಿ ಅವರು ಪಾದಚಾರಿಗಳಿಗೆ ಗಾಡಿ ಗುದ್ದಿದ ಸುಮಾರು 18 ಸಾವಿರ ಅಪಘಾತಗಳ ವಿವರ ಕಲೆಹಾಕಿ ನೋಡಿದರು. ಬಾನೆಟ್ಟಿನ ಎತ್ತರ 40 ಇಂಚಿಗಿಂತ ಜಾಸ್ತಿ ಇದ್ದರೆ, ಗುದ್ದಿಸಿಕೊಂಡವರು ಸಾಯುವ ಸಾಧ್ಯತೆ ಸುಮಾರು ಶೇ 45ರಷ್ಟು ಹೆಚ್ಚು. ಹೋಲಿಸಿದ್ದು 30 ಇಂಚು ಅಥವಾ ಅದಕ್ಕಿಂತ ತಗ್ಗಿನ, ಇಳಿಜಾರು ಮೂತಿಯ ಗಾಡಿಗಳ ಜೊತೆ. ಕಾರಣ ಕಷ್ಟದ್ದಲ್ಲ. ತಗ್ಗಿನ ಕಾರು ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ ಮೇಲೆ ಬೀಳಿಸುತ್ತದೆ. ಎತ್ತರದ ಗಾಡಿ ಎದೆಗೋ ತಲೆಗೋ ಬಡಿದು ಕೆಳಗೆ ಕೆಡವುತ್ತದೆ. ಡಿಫೆಂಡರ್‌ನ ಬಾನೆಟ್ಟಿನ ಅಂಚು ನನಗೆ ಹೆಚ್ಚುಕಡಿಮೆ ಎದೆ ಮಟ್ಟ. ಯುಕೆಜಿ ಮಗುವಿಗೆ ಎಲ್ಲಿಗೆ ಬರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಮರುದಿನದಿಂದ ಮಗನನ್ನು ವ್ಯಾಗನಾರ್‌ನಲ್ಲೇ ಬಿಟ್ಟೆ. ಅವನಿಗೆ ಬೇಜಾರಾಯಿತು, ಕ್ಲಾಸಿನಲ್ಲಿ ಆಗಲೇ ಹೇಳಿಕೊಂಡು ಆಗಿತ್ತಂತೆ.

ಆಫೀಸಿಗೂ ಎರಡೇ ದಿನ ತೆಗೆದುಕೊಂಡು ಹೋಗಿದ್ದು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಆ ವೇಗಕ್ಕೆ 300 ಅಶ್ವಶಕ್ತಿ ಯಾಕೆ ಅಂತ ಕೇಳುವುದು ಹಳೇ ಜೋಕು. ಹೇಳಬೇಕಾದ್ದು ಇನ್ನೊಂದಿದೆ, ಗೆಳೆಯ ಹೈವೇ ಅಂದದ್ದು ಯಾಕೆ ಅಂತ. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಮಸಿ ತುಂಬಿದಾಗ ಎಂಜಿನ್ ಅದನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಶಾಖ ಬೇಕು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳುವ ಗಾಡಿಗೆ ಆ ಶಾಖ ನಿಲ್ಲುವುದು ಕಷ್ಟ. ಇಪ್ಪತ್ತು ನಿಮಿಷವಾದರೂ ಒಂದೇ ಓಟದಲ್ಲಿ ಹೋಗಬೇಕು. ಇದು ಎಲ್ಲ ಕಂಪನಿಗಳ ಡೀಸೆಲ್ ಗಾಡಿಗೂ ಇರುವ ಮಾತು. ಹಾಗಾಗಿ ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗುವವರು ಭಾನುವಾರ ನೈಸ್ ರಸ್ತೆಗೆ ದುಡ್ಡು ಕೊಟ್ಟು ಕಾರಿನ ಮಸಿ ಸುಟ್ಟು ಬರುತ್ತಾರೆ. ನಾಯಿ ವಾಕಿಂಗ್ ಅಂತ ಮೊದಲೇ ಹೇಳಿದೆನಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ, ಯಾಕಂದರೆ ಇದನ್ನು ಕೊಳ್ಳುವವರು ಅದನ್ನು ನೋಡಿ ಕೊಳ್ಳುವುದಿಲ್ಲ. ಊರೊಳಗೆ ಪರದೆ ತೋರಿಸಿದ ಮೈಲೇಜು 7.8. ಟ್ಯಾಂಕಿಗೆ 90 ಲೀಟರಿನ ಆಸುಪಾಸು ಹಿಡಿಯುತ್ತದೆ, ಬಂಕಿನಲ್ಲಿ ಫುಲ್ ಮಾಡಿಸಿದರೆ ಎಂಟು ಸಾವಿರ. ಒಂದು ಟೈರಿನ ದುಡ್ಡಿಗೆ ನಮ್ಮ ಕಾರಿನ ನಾಲ್ಕೂ ಟೈರ್ ಬರುತ್ತವೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ರಸ್ತೆ ತೆರಿಗೆ ಶೇ 18, ಸೆಸ್ ಸೇರಿ ಸುಮಾರು 20. ಕೋಟಿ ರೂಪಾಯಿ ಕಾರಿಗೆ 20 ಲಕ್ಷ ಬರೀ ತೆರಿಗೆ. ಆ ದುಡ್ಡಿನಲ್ಲಿ ಮೂರು ವ್ಯಾಗನಾರ್ ಬಂದಾವು. ಅಷ್ಟು ತೆರಿಗೆ ಕಟ್ಟಿದವರು ಕೇಳಬೇಕಾದ್ದು ಗುಂಡಿ ಇಲ್ಲದ ರಸ್ತೆ. ಅವರು ಗುಂಡಿ ಗೊತ್ತಾಗದ ಕಾರು ಕೊಳ್ಳುತ್ತಾರೆ. ನಾನೂ ಮೂರೇ ದಿನದಲ್ಲಿ ಗುಂಡಿ ಮರೆತವನು, ದೊಡ್ಡ ಮಾತು ಆಡಬಾರದು.

ಜನ ನಡೆದುಕೊಳ್ಳುವ ರೀತಿ ಇನ್ನೊಂದು ಕಥೆ. ಮೊದಲ ದಿನವೇ ಗಮನಕ್ಕೆ ಬಂತು, ಯಾರೂ ನನ್ನ ಮುಂದೆ ನುಗ್ಗುತ್ತಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ಇಂಡಿಕೇಟರ್ ಹಾಕಿದರೆ ಜಾಗ ಬಿಡುತ್ತಾರೆ. ಬೆಂಗಳೂರಿನಲ್ಲಿ ಇಂಡಿಕೇಟರ್ ಹಾಕಿದರೆ ಜಾಗ ಸಿಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾಲೊಂದರ ಸೆಕ್ಯೂರಿಟಿಯವರು ಸೆಲ್ಯೂಟ್ ಹೊಡೆದರು, ಆಮೇಲೆ ಕಾರಿನ ಎತ್ತರ ನೋಡಿ, ಕೆಳಗಿನ ಬೇಸ್‌ಮೆಂಟಿಗೆ ಹೋಗಲ್ಲ ಸಾರ್, ಹೊರಗೇ ಹಾಕಿ ಅಂದರು. ಕಾರಿನ ಮೇಲೆ ಕಾರು ಎತ್ತಿ ನಿಲ್ಲಿಸುವ ಇನ್ನೊಂದು ಪಾರ್ಕಿಂಗ್‌ನಲ್ಲಿ ತೂಕ ಜಾಸ್ತಿ ಅಂತ ವಾಪಸ್ ಕಳಿಸಿದರು. ಗಾಂಧಿ ಬಜಾರಿನಲ್ಲಿ ಜಾಗ ಹುಡುಕುತ್ತಾ ಮೂರು ಸುತ್ತು ಹೊಡೆದೆ. ಕೊನೆಗೆ ಅಷ್ಟು ದೂರದಲ್ಲಿ ನಿಲ್ಲಿಸಿ ನಡೆದೆ ಅಂದರೆ, ಮನೆಯಿಂದಲೇ ನಡೆದು ಬಂದಿದ್ದರೆ ಬೇಗ ಆಗುತ್ತಿತ್ತು. ಇನ್ನೊಂದು ದಿನ ತಳ್ಳುಗಾಡಿಯ ಪಕ್ಕ ಕಾರು ನಿಲ್ಲಿಸಿ ಕಿಟಕಿಯಿಂದಲೇ ಮೆಂತ್ಯ ಸೊಪ್ಪಿನ ಬೆಲೆ ಕೇಳಿದೆ. ಸೊಪ್ಪಿನಮ್ಮ ಹಿಂದಿನ ವಾರಕ್ಕಿಂತ ಹತ್ತು ರೂಪಾಯಿ ಜಾಸ್ತಿ ಹೇಳಿದರು. ಚೌಕಾಸಿ ಮಾಡಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅಷ್ಟು ಎತ್ತರದಿಂದ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ನನ್ನಿಂದ ಆಗಲಿಲ್ಲ.

ಜಾಗ ಬಿಡುವುದು ಗೌರವಕ್ಕಲ್ಲ, ಭಯಕ್ಕೆ ಅಂತ ಅರ್ಥವಾಗಲು ಒಂದು ವಾರ ಹಿಡಿಯಿತು. ಒಬ್ಬ ಡೆಲಿವರಿ ಹುಡುಗನ ಬೈಕು ನನ್ನ ಪಕ್ಕಕ್ಕೆ ತೀರಾ ಹತ್ತಿರ ಬಂತು. ತಾಗಲಿಲ್ಲ. ಆದರೂ ಅವನು ಹೆಲ್ಮೆಟ್ ತೆಗೆದು, ಕಾರನ್ನು ಉದ್ದಕ್ಕೂ ಪರೀಕ್ಷಿಸಿ, "ಏನೂ ಆಗಿಲ್ಲ ಅಲ್ವಾ ಸಾರ್" ಅಂದ. ಅವನ ಕೈ ನಡುಗುತ್ತಿತ್ತು. ಅವನು ಲೆಕ್ಕ ಹಾಕುತ್ತಿದ್ದುದು ತನ್ನ ಎಷ್ಟು ತಿಂಗಳ ದುಡಿಮೆ ಅಂತ ಇರಬೇಕು. ವ್ಯಾಗನಾರ್‌ನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಮುಂದೆ ಹೋಗುತ್ತಿದ್ದೆವು. ಅದೇ ವಾಸಿ ಅನ್ನಿಸಿತು.

ಎಂಟನೇ ದಿನ ಸಂಜೆ ಮಳೆ ಬಂತು. ಬೆಂಗಳೂರಿನ ಮಳೆ ಹೇಗೆ ಅಂತ ಹೇಳಬೇಕಿಲ್ಲ. ಅರ್ಧ ಗಂಟೆಗೆ ರಸ್ತೆ ಕಾಲುವೆ. ಈ ಕಾರಿನ ಬಗ್ಗೆ ಎಲ್ಲರೂ ಹೇಳುವ ಅಂಕಿ ಒಂದಿದೆ, 900 ಮಿಲಿಮೀಟರ್ ನೀರಿನಲ್ಲಿ ಸಾಗಬಲ್ಲದು ಅಂತ. ಮೂರಡಿ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ ಮುಳುಗಿ, ಐಟಿ ಕಂಪನಿಯವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದಾಗ, ಇಂಥ ಕಾರಿದ್ದರೆ ಅಂತ ಎಷ್ಟು ಜನ ಅಂದುಕೊಂಡಿರಬೇಕು. ಮೊಣಕಾಲು ಮಟ್ಟದ ನೀರಿನಲ್ಲಿ ನಾನು ನಿಧಾನಕ್ಕೆ ಸಾಗಿದೆ. ಕಾರಿಗೆ ಅದು ಲೆಕ್ಕವೇ ಅಲ್ಲ. ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತವರು ಕೂಗಿದ್ದು ಆಮೇಲೆ ಕೇಳಿಸಿತು. ನಾನು ಎಬ್ಬಿಸಿದ ಅಲೆ ಅವರ ಶಟರ್ ದಾಟಿ ಒಳಗೆ ಹೋಗಿತ್ತು. ಎರಡು ಮೀಟರ್ ಅಗಲದ ಗಾಡಿ ಕಿರಿದಾದ ರಸ್ತೆಯಲ್ಲಿ ನೀರನ್ನು ತಳ್ಳುವುದು ಪಕ್ಕಕ್ಕೆ, ಪಕ್ಕದಲ್ಲಿರುವುದು ಮನೆ, ಅಂಗಡಿ. ಇಳಿದು ಕ್ಷಮೆ ಕೇಳುವ ಧೈರ್ಯ ಬರಲಿಲ್ಲ.

ಮುಂದೆ ಒಂದು ಅಂಡರ್‌ಪಾಸ್. ಬಾಯಲ್ಲೇ ನೀರು ನಿಂತಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ, "ಹೋಗಿ ಸಾರ್, ಇದಕ್ಕೇನು" ಅಂದರು. 2023ರ ಮೇ 21ಕ್ಕೆ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಜೀವ ಕಳೆದುಕೊಂಡಿದ್ದು ನನ್ನ ತಲೆಯಲ್ಲಿತ್ತು. ಕಂಪನಿಯವರ ಮೂರಡಿ ಸುಳ್ಳಲ್ಲ. ಆದರೆ ಅಂಡರ್‌ಪಾಸಿನ ನೀರು ಎಷ್ಟಡಿ ಅಂತ ಯಾವ ಕಂಪನಿ ಹೇಳುತ್ತದೆ? ಹಿಂದಕ್ಕೆ ತಿರುಗಿಸಿದೆ. ತಿರುಗಿಸಲು ಐದು ಸಲ ಹಿಂದೆ ಮುಂದೆ ಆಡಿಸಬೇಕಾಯಿತು. ಪೂರ್ತಿ ಸುತ್ತು ತಿರುಗಲು ಇದಕ್ಕೆ 12.84 ಮೀಟರ್ ಜಾಗ ಬೇಕು.

ಕೊನೆಯ ಭಾನುವಾರ ಮಸಿ ಸುಡುವ ನೆಪದಲ್ಲಿ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿ ಕಡೆ ಹೋದೆವು. ಪರಿಚಯದವರ ತೋಟ ಇದೆ. ಕೊನೆಯ ಎರಡು ಕಿಲೋಮೀಟರ್ ಬಂಡಿ ದಾರಿ, ರಾತ್ರಿ ಮಳೆ ಬಂದು ಕೆಂಪು ಕೆಸರು. ಹತ್ತು ದಿನದಲ್ಲಿ ಮೊದಲ ಸಲ ಈ ಕಾರಿನ ಸ್ವಂತ ಕೆಲಸ. ಲೋ ರೇಂಜಿಗೆ, ಅಂದರೆ ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಗೇರಿಗೆ ಹಾಕಿ, ಎತ್ತರ ಏರಿಸಿ ಹೊರಟೆ. ಏನೂ ಆಗಲಿಲ್ಲ. ಜಾರಲಿಲ್ಲ, ಹೂತುಕೊಳ್ಳಲಿಲ್ಲ, ಕೂಗಾಡಲಿಲ್ಲ. ಚಕ್ರ ಜಾರುವ ಮೊದಲೇ ಕಂಪ್ಯೂಟರ್ ಎಲ್ಲ ಸಂಭಾಳಿಸಿಬಿಡುತ್ತಿತ್ತು. ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ಮಾವನ ಜೀಪಿನಲ್ಲಿ ನಾನು ಒಂದು ಕ್ಷಣವೂ ಕಣ್ಣು ಮುಚ್ಚಿದ ನೆನಪಿಲ್ಲ.

ಅರ್ಧ ದಾರಿಯಲ್ಲಿ ಎದುರಿಗೆ ಒಂದು ಟಿವಿಎಸ್ ಎಕ್ಸ್‌ಎಲ್ ಬಂತು. ಹಿಂದೆ ಎರಡು ಹೊರೆ ಹುಲ್ಲು, ಮುಂದೆ ಹಾಲಿನ ಕ್ಯಾನು, ನಡುವೆ ಅರವತ್ತು ದಾಟಿದ ಯಜಮಾನರು. ಎರಡೂ ಬದಿ ಬೇಲಿ. ನಾನು ನಿಂತೆ. ಅವರು ನಿಲ್ಲಲಿಲ್ಲ. ಎರಡೂ ಕಾಲನ್ನು ಕೆಸರಿಗೆ ಇಳಿಬಿಟ್ಟು ನೂಕಿಕೊಳ್ಳುತ್ತಾ, ಹುಲ್ಲಿನ ಹೊರೆಯಿಂದ ನನ್ನ ಬಾಗಿಲನ್ನು ಉದ್ದಕ್ಕೂ ಸವರಿಕೊಂಡು ಹೋದರು. ಹೋಗುತ್ತಾ, "ನಿಧಾನಕ್ಕೆ ಬನ್ನಿ ಸೋಮಿ, ಮುಂದ್ಕೆ ಜಾರ್ತದೆ" ಅಂದರು.

ಸೋಮವಾರ ಕಾರು ತೊಳೆಸಿ, ಕನಕಪುರ ರಸ್ತೆಯ ಗೆಳೆಯನ ಅಪಾರ್ಟ್‌ಮೆಂಟಿಗೆ ಒಪ್ಪಿಸಲು ಹೋದೆ. ಬೆಳಗ್ಗೆಯಷ್ಟೇ ವಿದೇಶದಿಂದ ಬಂದಿಳಿದಿದ್ದ. ಅಗಲದ ಮಾತು, ಗೇಟಿನ ಮಾತು ಎಲ್ಲ ಹೇಳಿದೆ. ನಕ್ಕ. "ನಾನೆಲ್ಲಿ ದಿನಾ ಓಡಿಸ್ತೀನಿ ಮಗಾ, ಹಳದಿ ಲೈನ್ ಶುರುವಾದ್ಮೇಲೆ ಆಫೀಸಿಗೆ ಮೆಟ್ರೋನೇ. ಆರ್‌ವಿ ರೋಡಲ್ಲಿ ಇಳಿದು ಬದಲಾಯ್ಸಿದ್ರೆ ಸೀದಾ ಎಲೆಕ್ಟ್ರಾನಿಕ್ ಸಿಟಿ." ಹಾಗಾದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ರಾತ್ರಿ ಬೇಸ್‌ಮೆಂಟಿಗೆ ಬಂದಾಗ ಒಂದ್ಸಲ ತಿರುಗಿ ನೋಡ್ತೀನಿ ಕಣೋ ಅಂದ. ಅದಕ್ಕೆ ನಾನೇನೂ ಹೇಳಲಿಲ್ಲ. ಹತ್ತು ರಾತ್ರಿ ನಾನೂ ಕಿಟಕಿಯಿಂದ ನೋಡಿದ್ದೆ. ಅಪ್ಪ ಎದ್ದು ನೋಡಿದ್ದೂ ಕಳ್ಳರ ಭಯಕ್ಕೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ನ್ಯಾಷನಲ್ ಕಾಲೇಜಿನವರೆಗೆ ಮೆಟ್ರೋದಲ್ಲಿ ಬಂದು ಆಟೋ ಹತ್ತಿದೆ. ಆಟೋದವರು ಐವತ್ತಡಿ ರಸ್ತೆ ಬಿಟ್ಟು ಒಳಗಿನ ದಾರಿ ಹಿಡಿದರು. ಅದೇ ಇಳಿಜಾರು. ಆ ಕೈನೆಟಿಕ್ ಹೋಂಡಾ ಮತ್ತೆ ಸೈಡ್ ಸ್ಟ್ಯಾಂಡಿನಲ್ಲಿ, ಆಚೆ ಕಡೆ ಒಂದು ಟೆಂಪೋ, ಎದುರಿಂದ ಕಾರು. "ನಿಲ್ಸಿ, ಆಗಲ್ಲ" ಅನ್ನುವಷ್ಟರಲ್ಲಿ ಆಟೋ ಅವುಗಳ ನಡುವೆ ನುಸುಳಿ ಆಚೆ ಬಂದಿತ್ತು. ನಾನು ಮಂಡಿ ಎರಡನ್ನೂ ಒಳಕ್ಕೆ ಎಳೆದುಕೊಂಡು ಕೂತಿದ್ದೆ. ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಊರಿಗೆ ಹೊಸಬ್ರಾ ಸಾರ್?" ಅಂದರು.